ಬರೀ ಉಳುಕು ಅಂದವರು ನಾವೇ

ಅಜೆಕಾರು ಅಂದ್ರೆ ನಮ್ಮ ವಾಲಿಬಾಲ್ ಟೀಮಿನ ಸ್ಮ್ಯಾಶರ್. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಉಂಟು, ಆದರೆ ಹಾಸ್ಟೆಲಿಗೆ ಬಂದ ಮೊದಲ ವಾರದಲ್ಲೇ ಅದು ಹೋಯಿತು. ನಮ್ಮಲ್ಲಿ ಊರ ಹೆಸರೇ ಹೆಸರು. ಊರು ಎಲ್ಲಿ ಅಂತ ಗೊತ್ತಿಲ್ಲದವರಿಗೆ: ಕಾರ್ಕಳ ತಾಲೂಕು, ಕಾರ್ಕಳದಿಂದ ಹೆಬ್ರಿ ಕಡೆ ಹೋಗುವಾಗ ಸಿಗುತ್ತದೆ.

ಈ ಬರಹ ಅವನ ಬಲಗಾಲಿನ ಬಗ್ಗೆ. ಸರಿಯಾಗಿ ಹೇಳಬೇಕಂದ್ರೆ, ಆ ಕಾಲಿಗೆ ನಾವು ಏನು ಮಾಡಿದೆವು ಅನ್ನೋದರ ಬಗ್ಗೆ. ಬರೆಯುತ್ತಿರುವುದು ಒಬ್ಬನೇ ಆದರೂ ತಪ್ಪು ಟೀಮಿನ ಉಳಿದ ಐದೂ ಜನರದ್ದು, ಅದಕ್ಕೇ 'ನಾವು'. ಅವನನ್ನು ಕೇಳಿಯೇ ಬರೆದಿದ್ದೇವೆ. "ಬರೀರಿ ಮಾರಾಯ್ರೇ, ಆದ್ರೆ ನನ್ನನ್ನು ಪಾಪ ಅಂತ ಮಾಡ್ಬೇಡಿ" ಅಂದ. ಮಾಡುವುದಿಲ್ಲ.

ಫೆಬ್ರವರಿಯಲ್ಲಿ ಅವನ ಊರಿನ ಹತ್ತಿರ ಹೊನಲು ಬೆಳಕಿನ ಪಂದ್ಯಾಟ ಇತ್ತು. ಕೊಯ್ಲು ಮುಗಿದ ಗದ್ದೆ, ಮೂಲೆ ಮೂಲೆಗೆ ಕಂಬ ನೆಟ್ಟು ಕಟ್ಟಿದ ಫೋಕಸ್ ಲೈಟು, ಉಸಿರು ಬಿಡದೆ ಮೈಕಿನಲ್ಲಿ ಕಾಮೆಂಟರಿ, ಬದಿಯಲ್ಲಿ ಚುರುಮುರಿ ಗಾಡಿ. ಕರಾವಳಿಯವರಿಗೆ ಇದನ್ನೆಲ್ಲ ವಿವರಿಸುವ ಅಗತ್ಯ ಇಲ್ಲ. ಗಂಗಾವತಿಯಿಂದ ಬಂದ ನಮ್ಮ ಲಿಫ್ಟರಿಗೆ ಮಾತ್ರ ಅದು ಜಾತ್ರೆಯ ಹಾಗೆ ಕಂಡಿತು. ನಮ್ಮ ಮ್ಯಾಚ್ ಬರುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಎರಡನೇ ಸೆಟ್ಟಿನಲ್ಲಿ ಅಜೆಕಾರು ನೆಟ್ಟಿನ ಹತ್ತಿರ ಹಾರಿ ಹೊಡೆದ. ಬಾಲು ಒಳಗೇ ಬಿತ್ತು, ಪಾಯಿಂಟೂ ಸಿಕ್ಕಿತು. ಅವನು ಇಳಿದದ್ದು ಮಾತ್ರ ಎದುರು ಟೀಮಿನ ಬ್ಲಾಕರ್‌ನ ಪಾದದ ಮೇಲೆ. ಪಾದ ಒಳಕ್ಕೆ ಮಗುಚಿತು. ಹಿಂದಿನ ಸಾಲಿನಲ್ಲಿದ್ದ ನಮಗೂ 'ಟಕ್' ಅಂತ ಕೇಳಿಸಿತು, ಆ ಮೈಕಿನ ಗಲಾಟೆಯಲ್ಲೂ.

ವಾಲಿಬಾಲಿನಲ್ಲಿ ಕಾಲು ಹೋಗುವುದು ಹೆಚ್ಚಾಗಿ ಹೀಗೇ ಅಂತೆ. ನಾರ್ವೆಯಲ್ಲಿ ರೋಲ್ಡ್ ಬಾರ್ ಎಂಬ ವೈದ್ಯರ ತಂಡ ತೊಂಬತ್ತರ ದಶಕದಲ್ಲೇ ಇದನ್ನು ಲೆಕ್ಕ ಹಾಕಿ ನೋಡಿದೆ. ನೆಟ್ಟಿನ ಕೆಳಗೆ ಇನ್ನೊಬ್ಬರ ಪಾದದ ಮೇಲೆ ಇಳಿಯುವುದೇ ದೊಡ್ಡ ಕಾರಣ. ಹಾರುವುದು ಹೇಗೆ, ಇಳಿಯುವುದು ಹೇಗೆ ಅಂತ ಕಲಿಸಿ, ಬ್ಯಾಲೆನ್ಸ್ ಬೋರ್ಡಿನ ಅಭ್ಯಾಸವನ್ನೂ ಸೇರಿಸಿದ ಮೇಲೆ ಅಲ್ಲಿನ ಆಟಗಾರರಲ್ಲಿ ಇಂಥ ಗಾಯ ಅರ್ಧಕ್ಕೆ ಇಳಿಯಿತು ಅಂತ 1997ರಲ್ಲಿ ಪ್ರಕಟಿಸಿದರು. ನಮಗೆ ಹಾರುವುದನ್ನು ಎಷ್ಟೋ ಜನ ಕಲಿಸಿದ್ದಾರೆ. ಇಳಿಯುವುದನ್ನು ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ.

ಆ ರಾತ್ರಿ ಅವನನ್ನು ಓಮ್ನಿಯಲ್ಲಿ ಹಾಕಿ ಮನೆಗೆ ಕರೆದುಕೊಂಡು ಹೋದೆವು. ಅವನ ಅಮ್ಮ ಮೊದಲು ಅವನಿಗೆ, ಆಮೇಲೆ ನಮಗೆ ತುಳುವಿನಲ್ಲಿ ಬೈದರು. ಬೈದು ಮುಗಿಸಿ ಐವರಿಗೂ ಗಂಜಿ, ಉಪ್ಪಿನಕಾಯಿ ಬಡಿಸಿದರು. ಬೆಳಗಾಗುವಾಗ ಪಾದದ ಗಂಟು ಇದೆಯೋ ಇಲ್ಲವೋ ಅಂತ ಗೊತ್ತಾಗದಷ್ಟು ಊದಿತ್ತು, ಹಿಮ್ಮಡಿಯವರೆಗೆ ನೀಲಿ. (ಆ್ಯಂಕಲ್‌ಗೆ ಕನ್ನಡದಲ್ಲಿ ಏನು ಹೇಳೋದು ಅಂತ ಇಂಗ್ಲಿಷ್ ಮೀಡಿಯಂನ ನಮಗೆ ಗೊತ್ತಿರಲಿಲ್ಲ. ನಿಘಂಟು ನೋಡಿದರೆ 'ಹರಡು' ಅಂತ ಸಿಕ್ಕಿತು. ಅದನ್ನು ಹೇಳಿದರೆ ಅವನ ಅಜ್ಜಿಗೂ ಅರ್ಥ ಆಗಲಿಲ್ಲ, ಹಾಗಾಗಿ ಇಲ್ಲಿ ಪಾದದ ಗಂಟು ಅಂತಲೇ ಬರೆಯುತ್ತೇವೆ.) ನೆರೆಮನೆಯಿಂದ ಸಲಹೆಗಳು ಬಂದವು. ಎಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ನೀವಿ ಅಂತ ಒಬ್ಬರು. ಪುತ್ತೂರು ಕಟ್ಟು ಕಟ್ಟಿಸಿ ಅಂತ ಇನ್ನೊಬ್ಬರು. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು ಅಂತ ನಮಗೆ ಗೊತ್ತಾದದ್ದೂ ಆವತ್ತೇ. ಅವನ ಮಾವ ಯಾರ ಮಾತೂ ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ಎಕ್ಸ್‌ರೇಗೆ ಬರೆಯುವ ಮೊದಲು ಗಂಟಿನ ಎಲುಬನ್ನು ಹಿಂಬದಿಯಿಂದ ಒತ್ತಿ ನೋಡಿದರು, ಆಮೇಲೆ "ನಾಲ್ಕು ಹೆಜ್ಜೆ ನಡಿ ನೋಡುವಾ" ಅಂದರು. ನಮಗೆ ಇದು ತಮಾಷೆಯಾಗಿ ಕಂಡಿತು. ನಡೆಯೋದಕ್ಕಾಗಿದ್ದರೆ ಇಲ್ಲಿಗೆ ಯಾಕೆ ಬರ್ತಿದ್ದ? ಆಮೇಲೆ ಓದಿದಾಗ ಗೊತ್ತಾಯಿತು, ಅದಕ್ಕೆ ಒಟ್ಟಾವಾ ನಿಯಮ ಅಂತ ಹೆಸರು. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಜೊತೆಯವರು 1992ರಲ್ಲಿ ಮಾಡಿದ್ದು. ಗಂಟಿನ ಎಲುಬಿನ ನಿರ್ದಿಷ್ಟ ಜಾಗ ಮುಟ್ಟಿದರೆ ನೋವಿದ್ದರೆ, ಅಥವಾ ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಅಜೆಕಾರು ಎರಡನೇ ಹೆಜ್ಜೆಗೇ ಮಾವನ ಭುಜ ಹಿಡಿದ. ಎಕ್ಸ್‌ರೇ ಆಯಿತು. "ಫ್ರ್ಯಾಕ್ಚರ್ ಇಲ್ಲ."

ನಮಗೆ ಕೇಳಿಸಿದ್ದು ಅಷ್ಟೇ. ಅದರ ನಂತರ ಡಾಕ್ಟರು ಲಿಗಮೆಂಟ್ ಅರ್ಧಂಬರ್ಧ ಹರಿದಿದೆ ಅಂದರು, ಬ್ರೇಸ್ ಅಂದರು, ಫಿಸಿಯೋಥೆರಪಿ ಅಂದರು, ಆರು ವಾರ ಹಾರುವ ಆಟ ಬೇಡ ಅಂದರು. ಎಲ್ಲ ಚೀಟಿಯಲ್ಲೂ ಬರೆದುಕೊಟ್ಟರು. ನಾವು ವಾಟ್ಸಾಪ್ ಗ್ರೂಪಿಗೆ ಹಾಕಿದ ಮೆಸೇಜು: 'ಏನಿಲ್ಲ, ಬರೀ ಉಳುಕು.' ಕೆಳಗೆ ಹತ್ತು ಥಂಬ್ಸ್ ಅಪ್.

ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣಿಸುವುದಿಲ್ಲ ಅನ್ನೋದು ಹನ್ನೆರಡನೇ ಕ್ಲಾಸಿನ ಫಿಸಿಕ್ಸ್ ಓದಿದ ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಪಾದದ ಗಂಟಿನ ಹೊರಬದಿಯಲ್ಲಿ ಮೂರು ಲಿಗಮೆಂಟ್ ಇವೆ. ಪಾದ ಒಳಕ್ಕೆ ಮಗುಚಿದಾಗ ಸಾಮಾನ್ಯವಾಗಿ ಮೊದಲು ಹರಿಯೋದು ಮುಂಬದಿಯದ್ದು. ನಮ್ಮ ಮೆಟೀರಿಯಲ್ಸ್ ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ, ಎಲಾಸ್ಟಿಕ್ ಲಿಮಿಟ್ ದಾಟಿ ಎಳೆದ ಸ್ಪೆಸಿಮನ್ನು ಅದು. ಒಂದು ವ್ಯತ್ಯಾಸ, ಇದು ಜೀವ ಇರುವ ಸ್ಪೆಸಿಮನ್ನು, ತಾನೇ ಕೂಡಿಕೊಳ್ಳುತ್ತದೆ. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಬಾವು ಇಳಿಯುವುದಕ್ಕೆ ಅಷ್ಟು ಸಮಯ ಬೇಕಾಗಿಲ್ಲ. ನಾವು ಮೋಸ ಹೋದದ್ದು ಇಲ್ಲಿಯೇ.

ಮೂರನೇ ವಾರಕ್ಕೆ ಇಂಟರ್ ಕಾಲೇಜ್ ಪಂದ್ಯ. ಅಜೆಕಾರು ಕ್ಯಾಂಟೀನಿಗೆ ಕುಂಟದೆ ಬರುತ್ತಿದ್ದ. ಫಿಸಿಯೋ ಹತ್ತಿರ ಎರಡು ಸಲ ಹೋಗಿ ಬಿಟ್ಟಿದ್ದ, ಯಾಕಂದ್ರೆ ಆ ಟೈಮಿಗೆ ಲ್ಯಾಬ್. ನಾವು ಅವನನ್ನು ಒತ್ತಾಯ ಮಾಡಲಿಲ್ಲ ಅಂತ ತುಂಬ ದಿನ ನಮಗೆ ನಾವೇ ಹೇಳಿಕೊಂಡೆವು. "ಆಡು" ಅಂತ ಯಾರೂ ಹೇಳಲಿಲ್ಲ, ಅದು ನಿಜ. ಹೇಳಿದ್ದು ಬೇರೆ ಬೇರೆ. "ನೋವು ಉಂಟಾ ಈಗ?" "ನಡೆಯುವಾಗ ಇಲ್ಲ ಅಲ್ವಾ?" "ನೀನಿಲ್ಲದಿದ್ರೆ ಫಸ್ಟ್ ರೌಂಡಲ್ಲೇ ಮನೆಗೆ." ಒಬ್ಬ ಕ್ರೇಪ್ ಬ್ಯಾಂಡೇಜ್ ತಂದ, ಒಬ್ಬ ಸ್ಪ್ರೇ ತಂದ, ಒಬ್ಬ ತನ್ನ ಹಲ್ಲುನೋವಿಗೆ ಕೊಟ್ಟಿದ್ದ ಮಾತ್ರೆಯಲ್ಲಿ ಎರಡು ಕೊಟ್ಟ. ಹತ್ತೊಂಬತ್ತು ವರ್ಷದ ಹುಡುಗನಿಗೆ ಇಷ್ಟಾದ ಮೇಲೆ "ಇಲ್ಲ, ನಾನು ಆಡೋದಿಲ್ಲ" ಅನ್ನೋಕೆ ಆಗುತ್ತದಾ?

ಮೊದಲ ಸೆಟ್ಟಿನಲ್ಲಿ ಚೆನ್ನಾಗಿಯೇ ಆಡಿದ. ಎರಡನೆಯದರಲ್ಲಿ ಒಂದು ಸಾದಾ ಬಾಲು, ಅರ್ಧ ಹಾರಿ ದಾಟಿಸುವಂಥದ್ದು. ಇಳಿದ ಜಾಗದಲ್ಲಿ ಯಾರ ಪಾದವೂ ಇರಲಿಲ್ಲ. ಗದ್ದೆಯೂ ಅಲ್ಲ, ಸಮತಟ್ಟಾದ ಕೋರ್ಟು. ಆದರೂ ಕಾಲು ಮಗುಚಿತು. ಈ ಸಲ ಅವನು ಕೂಗಲಿಲ್ಲ. ಕೂತುಕೊಂಡು ನಮ್ಮನ್ನು ನೋಡಿದ. ಎಂಆರ್‌ಐ ಮಾಡಿಸಿದಾಗ ಒಂದು ಲಿಗಮೆಂಟ್ ಪೂರ್ತಿ, ಇನ್ನೊಂದು ಅರ್ಧ.

ಸಮತಟ್ಟು ನೆಲದಲ್ಲಿ ಯಾಕೆ ಬಿದ್ದ ಅನ್ನೋ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ಹೋದದ್ದರಿಂದಲೇ ಈ ಲೇಖನ ಹುಟ್ಟಿತು. ಉತ್ತರ ನಮಗೆ ಗೊತ್ತಿರುವ ಭಾಷೆಯಲ್ಲೇ ಇದೆ: ಸೆನ್ಸರ್ ಹೋಗಿತ್ತು. ಲಿಗಮೆಂಟ್ ಅಂದರೆ ಬರೀ ಹಗ್ಗ ಅಲ್ಲ. ಅದರೊಳಗೆ ನರದ ತುದಿಗಳಿವೆ, ಪಾದ ಎಷ್ಟು ಓರೆಯಾಗಿದೆ ಅಂತ ಅವು ಸುದ್ದಿ ಕಳಿಸುತ್ತಾ ಇರುತ್ತವೆ. ಆ ಸುದ್ದಿ ಸಿಕ್ಕಿದರೆ ಕಾಲಿನ ಹೊರಬದಿಯ ಸ್ನಾಯುಗಳು ಸರಿಯಾದ ಹೊತ್ತಿಗೆ ಪಾದವನ್ನು ಎಳೆದು ಹಿಡಿಯುತ್ತವೆ. ಬ್ರಿಟನ್ನಿನ ಮೈಕೇಲ್ ಫ್ರೀಮನ್ ಎಂಬ ಮೂಳೆ ತಜ್ಞ 1965ರಲ್ಲೇ ಇದನ್ನು ಹೇಳಿದರು: ಉಳುಕಿದ ಕಾಲು ಮತ್ತೆ ಮತ್ತೆ ಮಗುಚುವುದಕ್ಕೆ ಲಿಗಮೆಂಟ್ ಸಡಿಲವಾಗಿರುವುದು ಮಾತ್ರ ಕಾರಣವಲ್ಲ, ಅದರೊಳಗಿನ ನರಗಳು ಹಾಳಾಗಿ ಹೊಂದಾಣಿಕೆ ತಪ್ಪುವುದೂ ಕಾರಣ. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಿದರೆ ಅದು ಸುಧಾರಿಸುತ್ತದೆ ಅಂತಲೂ ತೋರಿಸಿದರು. ಕಂಟ್ರೋಲ್ ಸಿಸ್ಟಮ್ಸ್ ಓದುವವರು ಇದನ್ನು ಒಂದು ಬ್ಲಾಕ್ ಡಯಾಗ್ರಾಮಿನಲ್ಲಿ ಬರೆಯಬಹುದು. ಮೋಟರ್ ಸರಿ ಇದೆ, ಫೀಡ್‌ಬ್ಯಾಕ್ ತಡವಾಗಿ ಬರುತ್ತಿದೆ. ಇದರಲ್ಲಿ ನೋವು ಅನ್ನೋ ಸಿಗ್ನಲ್ಲಿಗೆ ಜಾಗವೇ ಇಲ್ಲ. ನೋವು ನಿಂತಿದೆ ಅಂದ ಮಾತ್ರಕ್ಕೆ ಲೂಪ್ ಸರಿಯಾಗಿದೆ ಅಂತ ಅರ್ಥವಲ್ಲ. ನಾವು ಅವನನ್ನು ಕೇಳಿದ್ದೆಲ್ಲ ನೋವಿನ ಬಗ್ಗೆ.

ನಮಗಿಂತ ದೊಡ್ಡವರೂ ಇದೇ ಹೊಂಡಕ್ಕೆ ಬಿದ್ದಿದ್ದಾರೆ. 2023ರ ವಿಶ್ವಕಪ್, ಅಕ್ಟೋಬರ್ 19, ಪುಣೆಯಲ್ಲಿ ಬಾಂಗ್ಲಾದೇಶದ ಮೇಲೆ ಪಂದ್ಯ. ತನ್ನದೇ ಬೌಲಿಂಗಿನಲ್ಲಿ ಬಾಲು ನಿಲ್ಲಿಸಲು ಕಾಲು ಚಾಚಿದ ಹಾರ್ದಿಕ್ ಪಾಂಡ್ಯ ಪಾದದ ಗಂಟು ನೋವು ಮಾಡಿಕೊಂಡರು. ಆ ಓವರಿನ ಉಳಿದ ಮೂರು ಬಾಲು ಹಾಕಿದ್ದು ಕೊಹ್ಲಿ, ಎಲ್ಲರಿಗೂ ನೆನಪಿರೋದು ಅದೇ. ನಮಗೆ ಬೇಕಾದದ್ದು ಆಮೇಲಿನ ಕಥೆ. ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ಚಿಕಿತ್ಸೆ, ಇವತ್ತು ಬರ್ತಾರೆ ನಾಳೆ ಬರ್ತಾರೆ ಅಂತ ಸುದ್ದಿ, ಕೊನೆಗೆ ನವೆಂಬರ್ 4ಕ್ಕೆ ಟೂರ್ನಿಯಿಂದಲೇ ಹೊರಗೆ. ಆ ಜಾಗಕ್ಕೆ ನಮ್ಮ ಪ್ರಸಿದ್ಧ್ ಕೃಷ್ಣ ಬಂದರು. ಬೇಗ ಮರಳಬೇಕು ಅಂತ ಇಂಜೆಕ್ಷನ್ ಹಾಕಿಸಿಕೊಂಡು ಕಾಲನ್ನು ದಬಾಯಿಸಲು ಹೋಗಿ ಗಾಯ ಇನ್ನಷ್ಟು ಹೆಚ್ಚಾಯಿತು ಅಂತ ಮುಂದಿನ ವರ್ಷ ಪಾಂಡ್ಯ ಅವರೇ ಹೇಳಿಕೊಂಡರು. ಅಷ್ಟೆಲ್ಲ ಡಾಕ್ಟರು, ಫಿಸಿಯೋ, ಸ್ಕ್ಯಾನು ಇದ್ದವರ ಪಾಡೇ ಹೀಗೆ. ಆದರೆ ಅವರ ಎದುರು ವಿಶ್ವಕಪ್ ಇತ್ತು. ನಮ್ಮ ಎದುರು ಇದ್ದದ್ದು ಒಂದು ಸ್ಟೀಲ್ ಕಪ್ಪು, ಐದು ಟೀ ಶರ್ಟು.

"ಹಾಗಾದ್ರೆ ತಿಂಗಳುಗಟ್ಟಲೆ ಮಲಗಿಸಿಬಿಡೋದಾ?" ಅಂತ ನಮ್ಮ ಸೀನಿಯರ್ ಒಬ್ಬರು ಕೇಳಿದರು. ಅದೂ ಅಲ್ಲ. ನಾವೆಲ್ಲ ಶಾಲೆಯಲ್ಲಿ ಕಲಿತ 'ರೈಸ್' ಸೂತ್ರ ಉಂಟಲ್ಲ, ವಿಶ್ರಾಂತಿ, ಐಸು, ಬಿಗಿಯಾದ ಕಟ್ಟು, ಕಾಲು ಎತ್ತರದಲ್ಲಿಡೋದು, ಅದನ್ನು 1978ರಲ್ಲಿ ತಮ್ಮ ಪುಸ್ತಕದಲ್ಲಿ ಜನಪ್ರಿಯ ಮಾಡಿದ ಡಾ. ಗೇಬ್ ಮರ್ಕಿನ್ ಅವರೇ ಹಲವು ವರ್ಷಗಳ ನಂತರ ಐಸು ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ತಡ ಮಾಡಬಹುದು ಅಂತ ಬರೆದರು. ಈಗ ಹೇಳೋದು, ಮೊದಲ ಕೆಲವು ದಿನ ಕಾಪಾಡಿ, ಆಮೇಲೆ ಸಹಿಸುವಷ್ಟು ಭಾರ ಹಾಕುತ್ತಾ ಹೋಗಿ ಅಂತ. ಮಲಗುವುದೂ ಅಲ್ಲ, ಪಂದ್ಯಕ್ಕೆ ಇಳಿಯುವುದೂ ಅಲ್ಲ, ನಡುವೆ ಒಂದು ಉದ್ದದ ಬೋರು ಹೊಡೆಸುವ ಕೆಲಸ ಇದೆ. ಅದನ್ನೇ ಎಲ್ಲರೂ ಹಾರಿಸಿಬಿಡೋದು.

ಆ ಬೋರಿನ ಕೆಲಸದಿಂದ ಏನು ಲಾಭ? ನೆದರ್ಲೆಂಡ್ಸಿನಲ್ಲಿ ಪಾದದ ಗಂಟು ಉಳುಕಿದ್ದ 522 ಆಟಗಾರರನ್ನು ತೆಗೆದುಕೊಂಡು ಒಂದು ಅಧ್ಯಯನ ಮಾಡಿದ್ದಾರೆ, 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂದಿದೆ. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಆದ ಮೇಲೆ, ಒಂದು ಗುಂಪಿಗೆ ಮಾತ್ರ 8 ವಾರ ಮನೆಯಲ್ಲೇ ಮಾಡುವ ಬ್ಯಾಲೆನ್ಸ್ ಅಭ್ಯಾಸ ಕೊಟ್ಟರು. ವಾರಕ್ಕೆ 3 ಸಲ, ಹೆಚ್ಚೆಂದರೆ ಅರ್ಧ ಗಂಟೆ, ಪಕ್ಕದಲ್ಲಿ ಯಾರೂ ನಿಂತು ನೋಡುವುದಿಲ್ಲ. ಒಂದು ವರ್ಷದಲ್ಲಿ ಅಭ್ಯಾಸ ಮಾಡದ ಗುಂಪಿನ ಶೇ. 33 ಮಂದಿಗೆ ಮತ್ತೆ ಉಳುಕಿತು, ಅಭ್ಯಾಸದ ಗುಂಪಿನಲ್ಲಿ ಶೇ. 22. ಪವಾಡ ಅಲ್ಲ, ಮಾಡಿದವರಲ್ಲೂ ಐವರಲ್ಲಿ ಒಬ್ಬರಿಗೆ ಮತ್ತೆ ಆಗಿದೆ. ಆದರೆ ಖರ್ಚಿಲ್ಲದ, ಹಾಸ್ಟೆಲ್ ರೂಮಿನಲ್ಲಿ ಮಾಡಬಹುದಾದ ಕೆಲಸಕ್ಕೆ ಇದು ಸಣ್ಣ ಲಾಭವಲ್ಲ.

ಅಜೆಕಾರಿನ ಏಪ್ರಿಲ್ ತಿಂಗಳ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ಊರುಗೋಲು ಹಿಡಿದು ಮೂರನೇ ಮಹಡಿಯ ಲ್ಯಾಬಿಗೆ ಹತ್ತುತ್ತಿದ್ದ. ಲಿಫ್ಟ್ ಇದೆ, ಬಾಗಿಲ ಮೇಲೆ 'ಸಿಬ್ಬಂದಿಗೆ ಮಾತ್ರ' ಅಂತ ಬೋರ್ಡು. ಕೇಳಿದರೆ ಬಿಡುತ್ತಿದ್ದರೋ ಏನೋ, ಅವನು ಕೇಳಲಿಲ್ಲ, ನಾವೂ ಕೇಳಲಿಲ್ಲ, ಬ್ಯಾಗ್ ಹೊತ್ತುಕೊಂಡು ಹಿಂದೆ ಹಿಂದೆ ಹತ್ತಿದೆವು. ಶೇಕಡಾ 85ರ ಹಾಜರಾತಿ ಇರುವಾಗ ಫಿಸಿಯೋಗೆ ಹೋಗೋದೂ ಒಂದು ಲೆಕ್ಕಾಚಾರ: ಹೋದರೆ ಕ್ಲಾಸು ಹೋಯಿತು, ಕ್ಲಾಸಿಗೆ ಹೋದರೆ ಕಾಲು ಹೋಯಿತು. ಇದು ಯಾರ ಮೇಲೂ ಸಿಟ್ಟಿನಿಂದ ಬರೆದದ್ದಲ್ಲ. ಡಾಕ್ಟರ ಚೀಟಿ ತೋರಿಸಿದವರಿಗೆ ಲಿಫ್ಟು, ಫಿಸಿಯೋ ಗಂಟೆಗೆ ಹಾಜರಾತಿ, ಇವೆರಡನ್ನು ಕೊಡಬಹುದು ಅಂತ ನಮ್ಮ ಅಭಿಪ್ರಾಯ. ಅರ್ಜಿ ಬರೆದಿದ್ದೇವೆ, ಸಹಿ ಹಾಕುವವರು ಬಿ ಬ್ಲಾಕ್ 214ಕ್ಕೆ ಬನ್ನಿ.

ಊರಿಗೆ ಹೋದರೆ ಇನ್ನೊಂದು ಕಷ್ಟ. ಅವನ ಮನೆಗೆ ಹೋಗಲು ಅಡಿಕೆ ತೋಟದ ಬದು, ಆಮೇಲೆ ತೋಡಿಗೆ ಹಾಕಿದ ಕಾಲುಸಂಕ. ಹುಟ್ಟಿದಾಗಿನಿಂದ ಕಣ್ಣು ಮುಚ್ಚಿಕೊಂಡು ದಾಟಿದ್ದ ಸಂಕದ ಎದುರು ನಿಂತು, ದಾಟಲು ಹೆದರಿಕೆಯಾಗಿ ವಾಪಸು ಬಂದು ಸುತ್ತು ದಾರಿಯಲ್ಲಿ ಹೋದೆ ಅಂತ ಹೇಳಿದ. ಇದನ್ನು ಅವನು ನಗುತ್ತಾ ಹೇಳಿದ್ದು. ನಮಗೆ ನಗು ಬರಲಿಲ್ಲ. ನಾವು ಹಾಳು ಮಾಡಿದ್ದು ಪಂದ್ಯ ಮಾತ್ರ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆವು.

ಅವನ ಮಾವ ಮಾತ್ರ ಹದವಾಗಿ ಹೇಳಿದರು. ಪತ್ತನಾಜೆ ಬಂದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರಲ್ಲ, ಮತ್ತೆ ಕಟ್ಟುವುದು ಮಳೆಗಾಲ ಕಳೆದ ಮೇಲೆ. "ನಿನಗೆ ಈ ವರ್ಷ ಪತ್ತನಾಜೆ ಬೇಗ ಬಂತು, ಅಷ್ಟೇ ಅಂತ ತಿಳ್ಕೊ ಮಗಾ" ಅಂದರಂತೆ. ಆರು ತಿಂಗಳು ರಾತ್ರಿಯಿಡೀ ಕುಣಿಯುವವರಿಗೂ ಬಿಡುವಿನ ಕಾಲ ಅಂತ ಒಂದಿದೆ. ನಮ್ಮ ಕಾಲೇಜು ಆಟಗಾರರಿಗೆ ಅದಿಲ್ಲ, ಇಂಟರ್ನಲ್ಸ್ ಮುಗಿದರೆ ಟೂರ್ನಮೆಂಟ್, ಟೂರ್ನಮೆಂಟ್ ಮುಗಿದರೆ ಫೆಸ್ಟು.

ಈಗ ನಮ್ಮ ಟೀಮಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಗಾಯ ಆದವನು ಆಡಬಹುದಾ ಅಂತ ಕ್ಯಾಪ್ಟನ್ ಹೇಳೋ ಹಾಗಿಲ್ಲ, ಅವನೂ ಹೇಳೋ ಹಾಗಿಲ್ಲ. ಫಿಸಿಯೋ ಹೇಳಬೇಕು. ಅದರ ಮೇಲೆ ನಮ್ಮದೊಂದು ಪರೀಕ್ಷೆ: ನೋವಾದ ಕಾಲಲ್ಲಿ ಒಂದೇ ಕಾಲಿನ ಕುಪ್ಪಳಿಕೆ, ಹಿಮ್ಮಡಿ ಎತ್ತಿ ನಿಲ್ಲುವುದು, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲುವುದು. ಎರಡೂ ಕಾಲು ಹೆಚ್ಚು ಕಡಿಮೆ ಒಂದೇ ಸಮ ಬರಬೇಕು. "ನೋವು ಉಂಟಾ?" ಅನ್ನೋ ಪ್ರಶ್ನೆ ಮೈದಾನದಲ್ಲಿ ನಿಷೇಧ. ಬೇರೆ ಟೀಮಿನವರು ಇದನ್ನು ಕೇಳಿ ನಕ್ಕಿದ್ದಾರೆ. ಕಬಡ್ಡಿಯವರಂತೂ "ನಿಮ್ದೇನು ಭರತನಾಟ್ಯ ಕ್ಲಾಸಾ" ಅಂದರು. ಅವರ ಟೀಮಿನಲ್ಲಿ ಈಗ ಮೊಣಕಾಲಿಗೆ, ಪಾದಕ್ಕೆ ಪಟ್ಟಿ ಸುತ್ತಿಕೊಂಡು ಆಡುವವರು ಎಷ್ಟು ಜನ ಅಂತ ನಾವು ಎಣಿಸಿದ್ದೇವೆ, ಇಲ್ಲಿ ಬರೆಯುವುದಿಲ್ಲ.

ನಿಯಮದಿಂದ ನಷ್ಟವೂ ಆಗಿದೆ. ಕಳೆದ ತಿಂಗಳು ಒಂದು ಪಂದ್ಯ ಅಜೆಕಾರು ಇಲ್ಲದೆ ಆಡಿ, ಅವನು ಹೇಳಿದ ಹಾಗೆಯೇ ಫಸ್ಟ್ ರೌಂಡಲ್ಲಿ ಮನೆಗೆ ಬಂದೆವು. ಅವನು ಲೈನ್ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಇಡೀ ಮ್ಯಾಚ್ ನಮಗೆ ಬೈದ.

ರಾತ್ರಿ ಒಂಬತ್ತೂವರೆಗೆ ಎರಡನೇ ಮಹಡಿಯ ಕಾರಿಡಾರಿಗೆ ಬಂದರೆ ಆರು ಜನ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಒಂಟಿಕಾಲಲ್ಲಿ ಕೊಕ್ಕರೆಗಳ ಹಾಗೆ ನಿಂತಿರುವುದು ಕಾಣಿಸುತ್ತದೆ. ಗಂಗಾವತಿ ಎರಡು ಸಲ ಬಕೆಟ್ಟಿನ ಮೇಲೆ ಬಿದ್ದಿದ್ದಾನೆ. ಸೆಕೆಂಡುಗಳನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತೇವೆ, ವಾರ್ಡನ್ ಸರ್ ಇದನ್ನು ಓದಿದರೆ ಅಳಿಸುತ್ತೇವೆ. ನಿನ್ನೆ ಅಜೆಕಾರಿನದ್ದು, ಕಣ್ಣು ಮುಚ್ಚಿ: ಎಡಗಾಲು 44, ಬಲಗಾಲು 19. ಹೋದ ವಾರ ಬಲಗಾಲು 11 ಇತ್ತು.